ಹಳೇ ಬಿಬಿಸಿ ಮೈಕ್ರೋ ಸಿಕ್ಕಿದೆ, ಎಷ್ಟು ಬೆಲೆ ಬರಬಹುದು?

ತುಮಕೂರು ಹುಡುಗ:
ಶಾಲೆಯೊಂದರ ಹಳೇ ಸಾಮಾನು ಹರಾಜಿನಲ್ಲಿ ನಮ್ಮ ಮಾವ ಬಿಬಿಸಿ ಮೈಕ್ರೋ ಮಾಡೆಲ್ ಬಿ ಅನ್ನೋ 80ರ ದಶಕದ ಬ್ರಿಟಿಷ್ ಕಂಪ್ಯೂಟರ್ ಹಿಡಿದುಕೊಂಡು ಬಂದಿದ್ದಾರೆ. ಪಕ್ಕದಲ್ಲಿ ಬಿಳಿ ಪೇಂಟಿನಲ್ಲಿ ದಾಸ್ತಾನು ನಂಬರ್ ಇದೆ. 2014ರಲ್ಲಿ ಆಪಲ್ ಕಂಪನಿಯ ಮೊಟ್ಟಮೊದಲ ಕಂಪ್ಯೂಟರ್ ಆಪಲ್-1 ಒಂದು 9,05,000 ಡಾಲರ್‌ಗೆ ಹೋಯಿತು ಅಂತ ಓದಿ ಮಾವ ಈಗಲೇ ಸೈಟು ನೋಡುತ್ತಿದ್ದಾರೆ. ನಂಬರ್ ಉಜ್ಜಿ ತೆಗೆದು, ಆನ್ ಮಾಡಿ ವಿಡಿಯೋ ಹಾಕಿದರೆ ಒಳ್ಳೇ ಬೆಲೆ ಬರುತ್ತಾ?

ಬೆಸುಗೆ ಭಟ್ಟ:
ದಯವಿಟ್ಟು ಪ್ಲಗ್ ಹಾಕಬೇಡಿ! ಅದರ ಪವರ್ ಸಪ್ಲೈ ಒಳಗೆ ರೀಫಾ ಕಂಪನಿಯ ಕೆಪಾಸಿಟರ್ ಅನ್ನೋ ಚಿಕ್ಕ ಬಿಡಿಭಾಗಗಳು ಇರುತ್ತವೆ. ಹಳದಿ ಬಣ್ಣ, ಪಾರದರ್ಶಕ ಹೊದಿಕೆ. ವಯಸ್ಸಾದಂತೆ ಹೊದಿಕೆ ಸೀಳುತ್ತದೆ, ಒಳಗಿನ ಕಾಗದ ತೇವ ಹೀರುತ್ತದೆ. ಕರೆಂಟ್ ಕೊಟ್ಟರೆ ಢಬ್! ಆಮೇಲೆ ಮನೆ ತುಂಬಾ ಹೊಗೆ, ಆ ವಾಸನೆ ಬೇಗ ಹೋಗಲ್ಲ. ಬಲ್ಲವರ ಹತ್ತಿರ ಅಷ್ಟೇ ಅಳತೆಯ ಎಕ್ಸ್2 ದರ್ಜೆಯ (ನೇರ ಮನೆ ಕರೆಂಟಿಗೆ ಹಾಕುವ ಸುರಕ್ಷತಾ ದರ್ಜೆ) ಹೊಸ ಕೆಪಾಸಿಟರ್ ಹಾಕಿಸಿ. ಸಿಕ್ಕಿದ್ದನ್ನು ಅಂಟಿಸುವವರ ಕೈಗೆ ಕೊಡಬೇಡಿ.

ಇನ್ನು ಬೆಲೆ. ಆಪಲ್-1 ತಯಾರಾಗಿದ್ದೇ ಸುಮಾರು 200. ಬಿಬಿಸಿ ಮೈಕ್ರೋ 15 ಲಕ್ಷ ಮಾರಾಟವಾಗಿದೆ, ಇಂಗ್ಲೆಂಡಿನಲ್ಲಿ ಅಟ್ಟದ ಮೇಲೆ ಸಿಗುವ ಸಾಮಾನು. ಮಾವನಿಗೆ ಸೈಟು ಬೇಡ ಅನ್ನಿ.

ಆದರೆ ಆ ಪೇಂಟ್ ಮುಟ್ಟಬೇಡಿ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದಿದ್ದು ಇದೇ ಯಂತ್ರ. ಆ ನಂಬರ್ ಇದ್ದರೇನೇ ಅದು ಇಲ್ಲಿ ಬಾಳಿದ ಯಂತ್ರ, ಇಲ್ಲದಿದ್ದರೆ 15 ಲಕ್ಷದಲ್ಲಿ ಒಂದು. ಹರಾಜಿನ ರಸೀದಿಯನ್ನೂ ಜೋಪಾನ ಮಾಡಿ. ಸರ್ಕಾರಿ ಸಾಮಾನು ಅಲ್ವಾ, ಕೊಳ್ಳುವವನು ಮೊದಲು ಕೇಳೋದೇ ಅದನ್ನ. ಹಳದಿಗಟ್ಟಿದ ಡಬ್ಬಕ್ಕೆ ಪೆರಾಕ್ಸೈಡ್ ಬಳಿದು ಬೆಳ್ಳಗೆ ಮಾಡೋ ಖಯಾಲಿ ನನಗಂತೂ ಸೇರಲ್ಲ.

ಫ್ಲಾಪಿ ಪುಟ್ಟ:
ಆನ್‌ಲೈನ್‌ನಲ್ಲಿ ಜನ ಸುಮ್ನೆ ಬಾಯಿಗೆ ಬಂದ ರೇಟ್ ಹಾಕಿರುತ್ತಾರೆ. ಮಾರಾಟವಾಗಿ ಮುಗಿದವುಗಳ ಬೆಲೆ ಮಾತ್ರ ನೋಡಿ. ಮೇಲೆ ಎಸ್‌ಸಿಎಲ್ ಯೂನಿಕಾರ್ನ್ ಅಂತ ಏನಾದರೂ ಇದೆಯಾ? ಅದು ಭಾರತದಲ್ಲೇ ತಯಾರಾದ ಬಿಬಿಸಿ ಮೈಕ್ರೋ ತಳಿ, ಅದಾದರೆ ಮಾತೇ ಬೇರೆ.

ತುಮಕೂರು ಹುಡುಗ:
ಇಲ್ಲ, ಮೂಲ ಬ್ರಿಟಿಷ್ ಕಂಪನಿ ಏಕಾರ್ನ್ ಗುರುತೇ ಇದೆ. ಜೊತೆಗೆ ಫ್ಲಾಪಿ ಡ್ರೈವ್, ಒಂದು ರಟ್ಟಿನ ಡಬ್ಬದಲ್ಲಿ ಡಿಸ್ಕ್‌ಗಳು. ಮೇಷ್ಟ್ರ ಕೈಬರಹದಲ್ಲಿ "8ನೇ ತರಗತಿ ಗಣಿತ" ಅಂತಿದೆ.

ಬೆಸುಗೆ ಭಟ್ಟ:
ಅದನ್ನು ಮೊದಲೇ ಹೇಳಬಾರದಿತ್ತಾ! ಯಂತ್ರಕ್ಕಿಂತ ಆ ಡಿಸ್ಕ್‌ಗಳ ಡಬ್ಬ ಮುಖ್ಯ. ಬೂಷ್ಟು ಹಿಡಿದ ಡಿಸ್ಕ್ ಡ್ರೈವ್‌ಗೆ ತುರುಕಬೇಡಿ, ಡಿಸ್ಕ್ ಓದುವ ಹೆಡ್ ಹಾಳಾಗುತ್ತೆ. ಫೋಟೋ ಹಾಕಿ.