ಒಂದೇ ಫ್ಲಾಟ್ ಇಟ್ಟುಕೊಂಡು ಬಾಡಿಗೆಗೆ ಕೊಟ್ಟವರು ಅನುಭವ ಹೇಳಿ

ಹೊಸ ಓನರ್: ನಮ್ಮದು ಒಂದೇ ಫ್ಲಾಟ್, ಸಾಲದ ಕಂತು ಇನ್ನೂ ಇದೆ. ಕೆಲಸದ ಮೇಲೆ ಬೇರೆ ಊರಿಗೆ ಹೋಗುತ್ತಿದ್ದೇವೆ, ಬಾಡಿಗೆಗೆ ಕೊಡಬೇಕು. ಏಜೆಂಟ್ ಕೈಗೆ ಒಪ್ಪಿಸೋದಾ, ನಾವೇ ನೋಡಿಕೊಳ್ಳೋದಾ?

ಸೋರುವ ಮನೆ: ಏಜೆಂಟ್ ವಿಷಯ ಆಮೇಲೆ, ಮೊದಲು ಬಾತ್‌ರೂಮ್ ನೋಡಿ. ನಮ್ಮ ಕೆಳಗಿನ ಮನೆಯವರ ಸೀಲಿಂಗಿನಲ್ಲಿ ತಟ್ಟೆಯಗಲ ಕಲೆ ಬಂತು. ಬಾಡಿಗೆದಾರರು ನನಗೆ ಹೇಳಲೇ ಇಲ್ಲ. ಅವರಿಗೇನು, ನೀರು ಹೋಗುತ್ತಿದ್ದದ್ದು ಕೆಳಗೆ ತಾನೆ! ಮೊದಲನೇ ಪ್ಲಂಬರ್ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿ ಹೋದ. 6 ವಾರಕ್ಕೆ ಕಲೆ ವಾಪಸ್. ಎರಡನೆಯವನು ಪೈಪ್ ಒಡೆದಿದೆ, ಗೋಡೆ ಒಡೆಯಬೇಕು ಅಂದ. ನಾನು ಒಂದು ರಾತ್ರಿ ಎಲ್ಲಾ ನಲ್ಲಿ ಮುಚ್ಚಿಸಿ ಮೀಟರ್ ನೋಡಿದೆ, ಬೆಳಿಗ್ಗೆಯೂ ಅಲ್ಲೇ ನಿಂತಿತ್ತು. ಅಂದರೆ ನೀರು ಬರುವ ಪೈಪ್ ಸರಿ ಇದೆ. ಆಮೇಲೆ ನೆಲದ ಜಾಲರಿ ಸುತ್ತ ಕೆಂಪು ಬಣ್ಣದ ನೀರು ಸುರಿದು ಕಾದೆವು. ಮೂರನೇ ದಿನ ಕೆಳಗಿನ ಕಲೆಯ ಅಂಚು ಗುಲಾಬಿ! ನೆಲ ಪೂರ್ತಿ ಅಗೆದು, ವಾಟರ್‌ಪ್ರೂಫಿಂಗ್ ಮಾಡಿಸಿ, 48 ಗಂಟೆ ನೀರು ಕಟ್ಟಿ ನಿಲ್ಲಿಸಿ, ಮತ್ತೆ ಟೈಲ್ಸ್ ಹಾಕಿಸಿದ್ದು ಒಟ್ಟು 19 ದಿನ. ಖರ್ಚು ಐದೂವರೆ ತಿಂಗಳ ಬಾಡಿಗೆ, ಅದರ ಮೇಲೆ ಕೆಳಗಿನವರ ಪೇಂಟಿಂಗ್. ಕಟ್ಟಡಕ್ಕೆ ಇನ್ಶೂರೆನ್ಸ್ ಇದೆಯಲ್ಲ ಅಂದರೆ, ಅದು ಹೊರಗೋಡೆಗೆ, ಮೆಟ್ಟಿಲಿಗೆ, ನಿಮ್ಮ ಬಾತ್‌ರೂಮಿಗಲ್ಲ ಅಂದರು ಅಸೋಸಿಯೇಷನ್‌ನವರು.

ನೆಮ್ಮದಿ: ಇದಕ್ಕೇ ಏಜೆಂಟ್ ಇರೋದು. 7 ವರ್ಷದಿಂದ ನಾನು ಬಾಡಿಗೆದಾರರ ಮುಖ ನೋಡಿಲ್ಲ. ನಲ್ಲಿ ಕೆಟ್ಟರೂ ಅವರೇ, ಬೀಗ ಕೆಟ್ಟರೂ ಅವರೇ. ವರ್ಷಕ್ಕೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ, ಹೋಗಲಿ. ಬಣ್ಣದ ನೀರು ಸುರಿದು ಕಾಯುವ ಕರ್ಮ ನನಗಿಲ್ಲ.

ಸೋರುವ ಮನೆ: ಮುಖ ನೋಡಿಲ್ಲ ಸರಿ, ಮನೆ ನೋಡಿದ್ದೀರಾ? ಆ ಎರಡನೇ ಪ್ಲಂಬರನ್ನು ಕಳಿಸಿದ್ದೇ ನನ್ನ ಏಜೆಂಟ್ ರೀ! ಗೋಡೆ ಒಡೆದಿದ್ದರೆ ಅವನಿಗೂ ಕಮಿಷನ್.

ಮಾರಿದವನು: ನಾನು ಮಾರಿಯೇ ಬಿಟ್ಟೆ. ಬಾಡಿಗೆ ಮೊದಲು 5ನೇ ತಾರೀಕು ಬರುತ್ತಿತ್ತು, ಆಮೇಲೆ 11, ಆಮೇಲೆ 20. ಕೊನೆಗೆ ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂದ. ಮುರಿದುಕೊಂಡೆ, ಅದೇ ತಪ್ಪು. ಅಡ್ವಾನ್ಸ್ ಕರಗಿದ ಮೇಲೆ ಅವನಿಗೆ ಯಾವ ಹೆದರಿಕೆ? ಬಾಡಿಗೆ ಬರದಿದ್ದರೂ ಕಂತಿನ ತಾರೀಕು ತಪ್ಪುವುದಿಲ್ಲ.

ಲೆಕ್ಕದವರು: ನನ್ನ ಕಳೆದ ವರ್ಷದ ಲೆಕ್ಕ ಕೇಳಿ. 12 ತಿಂಗಳಲ್ಲಿ ಮನೆ ಖಾಲಿ ಬಿದ್ದದ್ದು ಒಂದೂವರೆ. ಮೇಂಟೆನೆನ್ಸಿಗೆ ಎರಡು ತಿಂಗಳ ಬಾಡಿಗೆ, ತೆರಿಗೆಗೆ ಒಂದು. ಪೇಂಟು, ಗೀಸರ್, ಬ್ರೋಕರ್ ಸೇರಿ ಎರಡು. ಆರೂವರೆ ಹೋಯ್ತು. ಉಳಿದ ಐದೂವರೆಯಲ್ಲಿ 12 ಕಂತು ಕಟ್ಟಬೇಕು! ಅಷ್ಟರಲ್ಲಿ ಲಿಫ್ಟ್ ಬದಲಾಯಿಸಬೇಕು ಅಂತ ನೋಟಿಸ್. ತಲಾ ಒಂದು ಫ್ಲಾಟಿಗೆ ನಾಲ್ಕು ತಿಂಗಳ ಬಾಡಿಗೆಯಷ್ಟು. ರಿಪೇರಿ ನಿಧಿಯಲ್ಲಿ ದುಡ್ಡೇ ಇರಲಿಲ್ಲ.

ನೆಮ್ಮದಿ: ಯಾಕಿರಲಿಲ್ಲ? ಮೀಟಿಂಗಲ್ಲಿ ಮೇಂಟೆನೆನ್ಸ್ ಏರಿಸಬೇಡಿ ಅಂತ ಕೂಗಾಡೋದು ನಿಮ್ಮಂಥ ಓನರ್‌ಗಳೇ ಅಲ್ವಾ?

ಲೆಕ್ಕದವರು: ಹೌದು, ಮೂರು ವರ್ಷ ನಾನೂ ಕೈ ಎತ್ತಿದ್ದೆ. ಅದರಲ್ಲಿ ನಿಮ್ಮ ಗಂಟೇನು ಹೋಯ್ತು? ಹಿಂದಿನ ಬಾಡಿಗೆದಾರ ಗೋಡೆಯಲ್ಲಿ 37 ಮೊಳೆ ಬಿಟ್ಟು ಹೋಗಿದ್ದ. ಅಡ್ವಾನ್ಸಲ್ಲಿ ಪೇಂಟಿಂಗ್ ಖರ್ಚು ಹಿಡಿದುಕೊಂಡೆ, ಅದಕ್ಕೂ ಜಗಳ.

ಬಾಡಿಗೆ ಮನೆಯವಳು: ಜಗಳ ಆಡದೆ ಇನ್ನೇನು ಮಾಡಬೇಕಿತ್ತು ಸಾರ್? ನಾನು 5 ವರ್ಷ ಇದ್ದ ಮನೆಯ ಪೇಂಟ್ ತಾನಾಗೇ ಹಳದಿಗೆ ತಿರುಗಿತ್ತು. ಬಿಡುವಾಗ ಓನರ್ ಇಡೀ ಮನೆಯ ಪೇಂಟಿಂಗ್ ನನ್ನ ತಲೆಗೆ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸೇರಿದ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಅವರಿಗೆ ಕಳಿಸಿದ್ದೆ, ಅದಕ್ಕೇ ಅರ್ಧವಾದರೂ ವಾಪಸ್ ಬಂತು. ಹಳೆಯದಾಗೋದು ಬೇರೆ, ಹಾಳು ಮಾಡೋದು ಬೇರೆ.

ಲೆಕ್ಕದವರು: 37 ಮೊಳೆ ತಾವಾಗೇ ಹುಟ್ಟಿಕೊಂಡವಾ ಮೇಡಂ?

ಹೊಸ ಓನರ್: ಏಜೆಂಟ್ ಬೇಕಾ ಬೇಡ್ವಾ, ಅದೊಂದು ಹೇಳ್ತೀರಾ?

ಬಾಡಿಗೆ ಮನೆಯವಳು: ಫೋಟೋ ಹಾಕಿ ಸಾರ್, ಎಣಿಸೋಣ.

ಲೆಕ್ಕದವರು: ಸಂಜೆ ಹಾಕುತ್ತೇನೆ. ಬಾಗಿಲ ಹಿಂದಿನದು ಸೇರಿದರೆ 38.