ಪ್ರೊಲ್ಯಾಕ್ಟಿನ್ 92, ಪಿಟ್ಯುಟರಿಯಲ್ಲಿ 4 ಮಿ.ಮೀ. ಗಡ್ಡೆ: ಕ್ಯಾಬರ್ಗೊಲಿನ್ ಶುರು ಮಾಡಬೇಕೇ?

ಮಲೆನಾಡಿಗ: 29ರ ಮಹಿಳೆ, ನಾಲ್ಕು ತಿಂಗಳಿಂದ ಮುಟ್ಟಿಲ್ಲ, ಬಸುರಿಯೂ ಅಲ್ಲ. ಥೈರಾಯ್ಡ್ ಪರೀಕ್ಷೆ ಟಿಎಸ್‌ಎಚ್ 2.1. ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ 92 ನ್ಯಾನೊಗ್ರಾಂ. ಎಂಆರ್‌ಐಯಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆ ನೋಡಿ, ಪ್ರೊಲ್ಯಾಕ್ಟಿನ್ ಇಳಿಸುವ ಮಾತ್ರೆ ಕ್ಯಾಬರ್ಗೊಲಿನ್ ಬರೆದಿದ್ದಾರೆ. ಆಪರೇಷನ್ ಬೇಕಾಗುತ್ತದೆಯೇ?

ಹಾರ್ಮೋನ್ ಕಟ್ಟೆ: ಆಪರೇಷನ್ ಮಾತು ದೂರ ಇರಲಿ. ಬೇರೆ ಯಾವ ಮಾತ್ರೆ ನಡೆಯುತ್ತಿದೆ? ಗ್ಯಾಸ್ಟ್ರಿಕ್ಕಿಗೆ ಅಂತ?

ಮಲೆನಾಡಿಗ: ಹೌದು. ರಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ 75 ಇರುವ ಕ್ಯಾಪ್ಸೂಲ್, ಐದು ತಿಂಗಳಿಂದ.

ಹಾರ್ಮೋನ್ ಕಟ್ಟೆ: ಸಿಕ್ಕಿತಲ್ಲ ಕಳ್ಳ! ಪ್ರೊಲ್ಯಾಕ್ಟಿನ್‌ಗೆ ಲಗಾಮು ಹಾಕುವುದು ಮೆದುಳಿನ ರಾಸಾಯನಿಕ ಡೋಪಮೈನ್. ಲೆವೊಸಲ್ಪಿರೈಡ್, ಡೊಂಪೆರಿಡೋನ್ ಎರಡೂ ಆ ಲಗಾಮನ್ನೇ ಸಡಿಲಿಸುತ್ತವೆ. ಇಷ್ಟು ಏರಲು ಗಡ್ಡೆಯೇ ಬೇಕಿಲ್ಲ. 4 ಮಿ.ಮೀ. ಚುಕ್ಕೆ ಹತ್ತರಲ್ಲಿ ಒಬ್ಬರಿಗೆ ಸುಮ್ಮನೆ ಇರುತ್ತದೆ. ವೈದ್ಯರಿಗೆ ತಿಳಿಸಿ ಕ್ಯಾಪ್ಸೂಲ್ ನಿಲ್ಲಿಸಿ, ಮೂರು ದಿನ ಬಿಟ್ಟು ಮತ್ತೆ ರಕ್ತ ಕೊಡಿಸಿ. ಎದ್ದ ಕೂಡಲೇ ಬೇಡ. ಒಂದೆರಡು ಗಂಟೆ ಕಳೆದು, ಲ್ಯಾಬಿನಲ್ಲಿ 20 ನಿಮಿಷ ಕೂತ ಮೇಲೆ. ರಿಸ್ಪೆರಿಡೋನ್‌ನಂಥ ಮನೋರೋಗದ ಮಾತ್ರೆಯಾಗಿದ್ದರೆ ಮಾತ್ರ ಮನೋವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸುವಂತಿಲ್ಲ.

ಔಷಧ ಪೆಟ್ಟಿಗೆ: ಆಮೇಲೂ ಇಳಿಯದೆ ಪ್ರೊಲ್ಯಾಕ್ಟಿನೋಮಾ (ಪ್ರೊಲ್ಯಾಕ್ಟಿನ್ ಸುರಿಸುವ ಗಡ್ಡೆ) ಅಂತಲೇ ಖಚಿತವಾದರೂ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಮಾತ್ರೆಯೇ. ಕ್ಯಾಬರ್ಗೊಲಿನ್ 0.25 ಮಿ.ಗ್ರಾಂ., ವಾರಕ್ಕೆ ಎರಡು ಸಲ, ರಾತ್ರಿ ಊಟದ ಜೊತೆ. ಮಂಗಳವಾರ, ಶುಕ್ರವಾರ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ತಪ್ಪಿ ದಿನಾ ನುಂಗುವವರಿದ್ದಾರೆ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ವಾಕರಿಕೆ, ಥಟ್ಟನೆ ಎದ್ದರೆ ತಲೆಸುತ್ತು. ತಿಂಗಳ ನಂತರ ಪರೀಕ್ಷೆ ಮಾಡಿ, ಬೇಕಾದರೆ ಡೋಸ್ ಏರಿಸುತ್ತಾರೆ. ಜೂಜು, ಸಿಕ್ಕಾಪಟ್ಟೆ ಖರೀದಿಯ ಹುಚ್ಚು ಹೊಸದಾಗಿ ಕಂಡರೆ ಮಾತ್ರೆಯ ಮೇಲೆ ಅನುಮಾನ ಪಡಿ. ಮುಟ್ಟು ಮರಳುವ ಮುಂಚೆಯೇ ಗರ್ಭ ನಿಲ್ಲಬಹುದು, ಇದನ್ನು ಮೊದಲೇ ಹೇಳಿಬಿಡಬೇಕು.

ಲ್ಯಾಬ್ ಕಿಟಕಿ: ಇದರ ಉಲ್ಟಾ ಕೂಡ ಇದೆ. ಗಡ್ಡೆ 3 ಸೆಂ.ಮೀ., ಪ್ರೊಲ್ಯಾಕ್ಟಿನ್ ಬರೀ 80 ಅಂತ ಬಂದರೆ ಆ ಅಂಕಿ ನಂಬಬೇಡಿ. ಹಾರ್ಮೋನ್ ವಿಪರೀತ ಇದ್ದಾಗ ಅದನ್ನು ಎರಡು ಕಡೆಯಿಂದ ಹಿಡಿಯಬೇಕಾದ ಪರೀಕ್ಷಾ ಕಿಟ್‌ನ ಎರಡೂ ಆ್ಯಂಟಿಬಾಡಿಗಳು ಬೇರೆಬೇರೆಯಾಗಿ ತುಂಬಿಹೋಗಿ, ಜೋಡಿಯೇ ಕೂಡದೆ ಸುಳ್ಳು ಕಡಿಮೆ ತೋರಿಸುತ್ತದೆ. ಹುಕ್ ಎಫೆಕ್ಟ್ ಅನ್ನುವುದು ಇದಕ್ಕೇ. ಸ್ಯಾಂಪಲ್ಲನ್ನು ನೂರು ಪಟ್ಟು ತೆಳು ಮಾಡಿ ನಡೆಸಲು ಕೇಳಿ. ಆಗ ಸಾವಿರಗಳಲ್ಲಿ ಬಂದರೆ ಮಾತ್ರೆಗೆ ಕುಗ್ಗುವ ಗಡ್ಡೆ. 80ರಲ್ಲೇ ನಿಂತರೆ ಅದು ಹಾರ್ಮೋನ್ ಸುರಿಸದೆ ಪಿಟ್ಯುಟರಿಯ ತೊಟ್ಟನ್ನು ಒತ್ತಿ ಡೋಪಮೈನ್ ಬರುವ ದಾರಿ ತಡೆಯುತ್ತಿರುವ ಗಡ್ಡೆ ಇರಬಹುದು. ಕ್ಯಾಬರ್ಗೊಲಿನ್‌ಗೆ ಅಂಕಿ ಇಳಿಯುತ್ತದೆ, ಗಡ್ಡೆ ಕುಗ್ಗುವುದು ಅನುಮಾನ.

ಮಲೆನಾಡಿಗ: ಕ್ಯಾಪ್ಸೂಲ್ ಚೀಟಿಯ ಫೋಟೊ ವೈದ್ಯರಿಗೆ ಕಳಿಸಿದೆ. ನಿಲ್ಲಿಸಿ, ಗುರುವಾರ ರಕ್ತ ಕೊಡಿ ಅಂದಿದ್ದಾರೆ.