ವೈಟ್‌ಹಾರ್ಸ್‌ನಲ್ಲಿ ಐದು ದಿನ: ಹೋಗಿಬಂದವರ ಅನುಭವ

ಪ್ರಶ್ನೆ: ಸೆಪ್ಟೆಂಬರ್ ಮೊದಲ ವಾರ, ಎಪ್ಪತ್ತು ದಾಟಿದ ತಂದೆ-ತಾಯಿಯೊಂದಿಗೆ ಕೆನಡಾದ ಯೂಕಾನ್ ಪ್ರದೇಶದ ರಾಜಧಾನಿ ವೈಟ್‌ಹಾರ್ಸ್‌ಗೆ ಹೊರಟಿದ್ದೇವೆ. ಇರುವುದು ಐದೇ ದಿನ. ಡಾಸನ್ ಸಿಟಿಯನ್ನೂ ಸೇರಿಸಿಕೊಳ್ಳಬಹುದೇ? ಕಾರನ್ನು ಬಾಡಿಗೆಗೆ ಪಡೆಯಲೇಬೇಕೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಡಾಸನ್ ಸಿಟಿಯನ್ನು ಈ ಸಲ ಬಿಟ್ಟುಬಿಡಿ. ನಕ್ಷೆಯಲ್ಲಿ ಗೇಣುದ್ದ ಕಾಣುವ ಆ ದಾರಿ ವಾಸ್ತವದಲ್ಲಿ ಸುಮಾರು 530 ಕಿಲೋಮೀಟರ್ ಇದ್ದು, ಹೋಗಿಬರುವುದರಲ್ಲೇ ನಿಮ್ಮ ಎರಡು ದಿನಗಳು ಮುಗಿಯುತ್ತವೆ. ಆ ಎರಡು ದಿನಗಳನ್ನು ಕ್ಲುವಾನಿ ರಾಷ್ಟ್ರೀಯ ಉದ್ಯಾನಕ್ಕೆ ಮೀಸಲಿಡಿ. ಅಲಾಸ್ಕಾ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ಹೇನ್ಸ್ ಜಂಕ್ಷನ್ ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಅರ್ಧ ಗಂಟೆಯೊಳಗೆ ಕ್ಯಾಥ್ಲೀನ್ ಸರೋವರವಿದ್ದು, ಹಿರಿಯರು ನಡೆಯದೆ ದಡದಲ್ಲಿ ಕುಳಿತೇ ಬೆಟ್ಟಗಳನ್ನು ನೋಡಬಹುದು. ಕೆನಡಾದ ಅತಿ ಎತ್ತರದ ಶಿಖರವಾದ 5,959 ಮೀಟರ್‌ನ ಮೌಂಟ್ ಲೋಗನ್ ಇದೇ ಉದ್ಯಾನದಲ್ಲಿದ್ದರೂ ಮುಂದಿನ ಬೆಟ್ಟಸಾಲು ಅದನ್ನು ಮರೆಮಾಡಿರುತ್ತದೆ. ಅದನ್ನೂ ಅದರ ಸುತ್ತಲಿನ ಹಿಮನದಿಗಳನ್ನೂ ಹತ್ತಿರದಿಂದ ನೋಡಬೇಕೆಂದರೆ ಸಣ್ಣ ವಿಮಾನವನ್ನೇ ಹತ್ತಬೇಕು. ಮೋಡ ಕವಿದರೆ ಅದೂ ಹಾರುವುದಿಲ್ಲವಾದ್ದರಿಂದ ಒಂದು ದಿನವನ್ನು ಖಾಲಿ ಇಟ್ಟುಕೊಂಡಿರಿ.

ಕಾರು ಬೇಕೇಬೇಕು, ಆದರೆ ವಿಮೆಯ ಕರಾರನ್ನು ಓದದೆ ಸಹಿ ಹಾಕಬೇಡಿ. ನಮ್ಮ ಪ್ರಯಾಣದಲ್ಲಿ ಎದುರಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲೊಂದು ಮುಂದಿನ ಗಾಜಿಗೆ ಬಡಿದು ಹುರಿಗಡಲೆಯಷ್ಟು ಗುರುತು ಮಾಡಿತು. ಹೇನ್ಸ್ ಜಂಕ್ಷನ್ ತಲುಪುವಷ್ಟರಲ್ಲಿ ಅದು ಅಡಿಪಟ್ಟಿ ಇಟ್ಟು ಗೀಟೆಳೆದಂತೆ ಚಾಲಕನ ಬದಿಯವರೆಗೂ ಸೀಳಿಕೊಂಡಿತ್ತು. ಪೂರ್ಣ ವಿಮೆ ಎಂದು ನಾವು ನಂಬಿದ್ದ ಕಾಗದದಲ್ಲಿ ಗಾಜು ಸೇರಿರಲೇ ಇಲ್ಲ. ಊರು ದಾಟಿದೊಡನೆ ಮೊಬೈಲ್ ಸಿಗ್ನಲ್ ಕೂಡ ಬಹುಪಾಲು ಇರುವುದಿಲ್ಲ; ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ತುಂಬಿಸಿಕೊಳ್ಳಿ.

ಎರಡನೆಯ ಉತ್ತರ: ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಊರನ್ನು ಬರೀ ತಂಗುದಾಣವೆಂದು ನೋಡಬೇಡಿ. ಸುಮಾರು 28,000 ಜನರಿರುವ ಈ ಊರಿನಲ್ಲಿ ಯೂಕಾನ್ ನದಿಯ ಎರಡೂ ದಡಗಳನ್ನು ಬಳಸಿ ಬರುವ 5 ಕಿಲೋಮೀಟರ್‌ನ ಡಾಂಬರು ಕಾಲುದಾರಿಯಿದೆ. ನನ್ನ ಅತ್ತೆಯವರು ಅದರ ಅರ್ಧದಷ್ಟನ್ನು ಕೋಲೂರಿಕೊಂಡು ನಿಧಾನವಾಗಿ ನಡೆದರು. 1955ರವರೆಗೆ ಓಡಿದ ಎಸ್‌ಎಸ್ ಕ್ಲೋಂಡೈಕ್ ಎಂಬ ಹಬೆಯ ಹಡಗು ಆ ದಾರಿಯ ಪಕ್ಕದಲ್ಲೇ ನೆಲದ ಮೇಲೆ ನಿಂತಿದೆ; ಅದರ ಹಿಂಬದಿಯ ದೊಡ್ಡ ಚಕ್ರವನ್ನು ಹೊರಗಿನಿಂದ ನೋಡುವುದೇ ಒಂದು ಸೊಗಸು. ಇನ್ನೊಂದು ದಿನ ದಕ್ಷಿಣದ ಕಾರ್‌ಕ್ರಾಸ್‌ಗೆ ಹೋಗಿಬನ್ನಿ. ದಾರಿಯಲ್ಲಿ ಸಿಗುವ ಎಮರಾಲ್ಡ್ ಸರೋವರದ ತಳದಲ್ಲಿ ಬಿಳಿಯ ಸುಣ್ಣದ ಕೆಸರಿರುವುದರಿಂದ ನೀರು ಪಚ್ಚೆಯ ಬಣ್ಣಕ್ಕೆ ತಿರುಗಿ ಕಾಣುತ್ತದೆ. ಅದಾದ ಮೇಲೆ ಸಿಗುವ ಮರಳುಗಾಡು 2.6 ಚದರ ಕಿಲೋಮೀಟರ್ ಅಷ್ಟೇ. ಹೆಸರು ಕೇಳಿ ಭಾರಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಮೂರನೆಯ ಉತ್ತರ: ಎರಡು ಮಾತು ಸೇರಿಸುತ್ತೇನೆ. ಕರಡಿ ಓಡಿಸುವ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಸಾಮಾನಿನೊಳಗೂ ಇಡುವಂತಿಲ್ಲ. ಅಲ್ಲಿಯೇ ಕೊಂಡು, ಹೊರಡುವಾಗ ಅಲ್ಲಿಯೇ ಬಿಟ್ಟುಬರಬೇಕು.

ಇನ್ನು ಧ್ರುವಪ್ರಭೆ, ಅಂದರೆ ರಾತ್ರಿಯ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು. ಬೇಸಿಗೆಯಲ್ಲಿ ಸರಿಯಾಗಿ ಕತ್ತಲಾಗದ ಆ ಸೀಮೆಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ರಾತ್ರಿ ಮರಳಿರುತ್ತದೆ. ನಾವು ಮೊದಲಿಗೆ ತೆಳುವಾದ ಬೂದು ಮೋಡವೆಂದು ಭಾವಿಸಿ ಮಲಗಲು ಹೊರಟಿದ್ದೆವು. ಸುಮ್ಮನೆ ತೆಗೆದ ಚಿತ್ರದಲ್ಲಿ ಅದು ಹಸಿರಾಗಿ ಮೂಡಿದ ಮೇಲೆಯೇ ವಿಷಯ ತಿಳಿದದ್ದು. ದೀಪಗಳಿಂದ ದೂರ, ಊರಾಚೆಯ ತಂಗುದಾಣದಲ್ಲಿ ಉತ್ತರಕ್ಕೆ ಕಿಟಕಿಯಿರುವ ಕೋಣೆ ಸಿಗುತ್ತದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ. ನಡುರಾತ್ರಿಯ ಚಳಿಗೆ ನಿಮ್ಮ ತಂದೆ-ತಾಯಿ ಹೊರಬರಬೇಕಾಗಿರುವುದಿಲ್ಲ.